ಕೋಳಿಯ ಕೊಕ್ಕಿಗೆ ಎಟುಕದಂತೆ ಇರುವೆ ಮದ್ದು

ಪ್ರಶ್ನೆ: ಹಿತ್ತಿಲಿನಲ್ಲಿ ಹನ್ನೆರಡು ನಾಟಿ ಕೋಳಿಗಳನ್ನು ಸಾಕಿದ್ದೇನೆ. ಕಳೆದ ತಿಂಗಳು ಕಾವಿಗೆ ಕೂತ ಹೇಂಟೆಯ ಬುಟ್ಟಿಗೆ ಕೆಂಪಿರುವೆಗಳು ಮುತ್ತಿ, ಮೊಟ್ಟೆಯೊಡೆದು ಹೊರಬರುತ್ತಿದ್ದ ಮೂರು ಮರಿಗಳನ್ನು ಕೊಂದವು. ಗೊಬ್ಬರದ ಅಂಗಡಿಯವರು ಹೆಸರಿಲ್ಲದ ಪೊಟ್ಟಣದಲ್ಲಿ ಹರಳಿನಂತಹ ಮದ್ದು ಕೊಟ್ಟು, ಗೂಡಿನ ಸುತ್ತ ಎರಚಲು ಹೇಳಿದ್ದಾರೆ. ಎರಚಬಹುದೇ? ಆಮೇಲೆ ಮೊಟ್ಟೆ ತಿನ್ನಬಹುದೇ?
(ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ದಯವಿಟ್ಟು ಎರಚಬೇಡಿ. ತಿಂದ ಕಾಳನ್ನು ಹೊಟ್ಟೆಯೊಳಗೆ ಅರೆಯುವುದಕ್ಕಾಗಿ ಸಣ್ಣ ಹರಳುಗಳನ್ನು ಹೆಕ್ಕಿ ನುಂಗುವುದು ಕೋಳಿಯ ಸ್ವಭಾವವಾದ್ದರಿಂದ, ನೆಲದ ಮೇಲೆ ಬಿದ್ದ ಮದ್ದಿನ ಹರಳು ಅದರ ಕಣ್ಣಿಗೆ ವಿಷವಾಗಿ ಕಾಣುವುದಿಲ್ಲ. ಹೊಲಕ್ಕೆ ಹಾಕುವ ಫೋರೇಟ್, ಕಾರ್ಬೋಫ್ಯುರಾನ್‌ನಂತಹ ಹರಳುಗಳು ಹಕ್ಕಿಗಳಿಗೆ ಅತ್ಯಂತ ಮಾರಕ. ಕೆಲವೇ ಹರಳು ಸಾಕು. ಫೋರೇಟ್ ಬಳಕೆಯನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದಲೇ ನಿಷೇಧಿಸಲಾಗಿದೆ. ಪೊಟ್ಟಣದ ಮೇಲೆ ಹೆಸರೇ ಇಲ್ಲದ ಮದ್ದನ್ನು ಹಿತ್ತಿಲಿಗೆ ತರಲೇಬಾರದು, ಏಕೆಂದರೆ ಕೋಳಿ ಅದನ್ನು ತಿಂದರೆ ಯಾವ ಚಿಕಿತ್ಸೆ ಕೊಡಬೇಕೆಂಬುದು ವೈದ್ಯರಿಗೂ ತಿಳಿಯುವುದಿಲ್ಲ. ಇರುವೆಗೆ ಗೆರೆ ಎಳೆಯುವ ಬಿಳಿ ಸೀಮೆಸುಣ್ಣವೂ ಗೂಡಿನ ಬಳಿ ಬೇಡ. ಮೊಟ್ಟೆಯಿಡುವ ಹೇಂಟೆಗಳು ಸುಣ್ಣದ ಆಸೆಗೆ ಬಿಳಿಯ ಚೂರುಗಳನ್ನೆಲ್ಲ ಕುಕ್ಕಿ ನೋಡುತ್ತವೆ.

ಇರುವೆಗೆ ಇಡುವ ಮದ್ದು ನಿಧಾನವಾಗಿ ಕೆಲಸ ಮಾಡಬೇಕು. ಆಹಾರ ಹುಡುಕಿ ಬಂದ ಇರುವೆ ಅದನ್ನು ಹುತ್ತಕ್ಕೆ ಒಯ್ದು, ಬಾಯಿಂದ ಬಾಯಿಗೆ ಹಂಚಿ, ರಾಣಿಯವರೆಗೂ ತಲುಪಿಸಿದಾಗ ಮಾತ್ರ ಇರುವೆಗಳ ಕಾಟ ನಿಲ್ಲುತ್ತದೆ. ಮನೆಯಲ್ಲೇ ಮಾಡಬಹುದಾದದ್ದು ಬೋರಿಕ್ ಆಸಿಡ್, ಅಂದರೆ ಕೇರಂ ಮಣೆಗೆ ಎರಚಲು ಹಲವರು ಬಳಸುವ ಬಿಳಿ ಪುಡಿ. ಅರ್ಧ ಲೀಟರ್ ಬಿಸಿನೀರಿನಲ್ಲಿ 5 ಗ್ರಾಂ ಪುಡಿಯನ್ನೂ 50 ಗ್ರಾಂ ಸಕ್ಕರೆಯನ್ನೂ ಕರಗಿಸಿ. ಬೇಗ ಸಾಯಲಿ ಎಂದು ಪುಡಿಯನ್ನು ಹೆಚ್ಚಿಸಿದರೆ ಇರುವೆಗಳು ದಾರಿಯಲ್ಲೇ ಸಾಯುತ್ತವೆ, ರಾಣಿ ಉಳಿಯುತ್ತದೆ. ಅದಕ್ಕೂ ಮೊದಲು ಬರಿಯ ಸಕ್ಕರೆ ನೀರನ್ನೂ ಕೊಬ್ಬರಿ ಚೂರನ್ನೂ ಪಕ್ಕಪಕ್ಕದಲ್ಲಿಟ್ಟು, ನಿಮ್ಮ ಇರುವೆಗಳು ಯಾವುದಕ್ಕೆ ಮುತ್ತುತ್ತವೆ ಎಂದು ನೋಡಿಕೊಳ್ಳಿ; ಕೆಂಪಿರುವೆಗಳು ಬಹಳ ಸಲ ಎಣ್ಣೆಯಂಶವನ್ನೇ ಬಯಸುತ್ತವೆ. ಹಾಗಿದ್ದರೆ ಪುಡಿಯನ್ನು ಕೊಬ್ಬರಿ ತುರಿಗೆ ಬೆರೆಸಿಡಿ.

ಇನ್ನು ಇಡುವ ಜಾಗ. ನನ್ನ ಮಟ್ಟಿಗೆ ಮದ್ದಿನ ಆಯ್ಕೆಗಿಂತ ಇದೇ ಮುಖ್ಯ. ಬೋರಿಕ್ ಆಸಿಡ್‌ನ ವಿಷ ಕಡಿಮೆಯಾದರೂ ಅದು ಕೋಳಿಯ ಹೊಟ್ಟೆಗೆ ಹೋಗಬಾರದು. ಅರ್ಧ ಇಂಚಿನ ಪಿವಿಸಿ ಪೈಪನ್ನು ಒಂದು ಅಡಿ ಉದ್ದಕ್ಕೆ ಕತ್ತರಿಸಿ, ಮದ್ದಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ನಟ್ಟನಡುವೆ ತಳ್ಳಿಡಿ. ಮರಿಯ ಕೊಕ್ಕು ಕೂಡ ಅಲ್ಲಿಗೆ ಎಟುಕುವುದಿಲ್ಲ. ಆ ಪೈಪನ್ನು ಗೂಡಿನ ಒಳಗಲ್ಲ, ಬೇಲಿಯ ಹೊರಗೆ ಇರುವೆ ಸಾಲಿನ ಪಕ್ಕದಲ್ಲಿ, ಮಳೆ ತಾಗದ ಕಡೆ, ಕೋಳಿ ಕೆದರಿದರೂ ಉರುಳದಂತೆ ಕಲ್ಲು ಹೇರಿ ಇರಿಸಿ. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸುತ್ತ ಎರಡು ಮೂರು ವಾರ ಕಾಯಿರಿ. ಹಳೆಯ ಹತ್ತಿಯನ್ನು ತಿಪ್ಪೆಗೆ ಎಸೆಯಬೇಡಿ, ಕೋಳಿಗಳು ಮೊದಲು ಕೆದರುವುದು ಅದನ್ನೇ.

ಅಷ್ಟರಲ್ಲಿ ಮತ್ತೊಂದು ಹೇಂಟೆ ಕಾವಿಗೆ ಕೂತರೆ ಬುಟ್ಟಿಯನ್ನು ನಾಲ್ಕು ಕಾಲಿನ ಮಣೆಯ ಮೇಲಿಟ್ಟು, ಕಾಲುಗಳನ್ನು ನೀರು ತುಂಬಿದ ತೆಂಗಿನ ಗರಟೆಗಳಲ್ಲಿ ನಿಲ್ಲಿಸಿ. ಮಣೆ ಗೋಡೆಗೆ ತಾಗಬಾರದು; ಒಂದು ಹುಲ್ಲೆಸಳು ನೆಲಕ್ಕೆ ಜೋತರೂ ಇರುವೆಗೆ ಅದೇ ಸೇತುವೆ. ಒಡೆದ ಮೊಟ್ಟೆಯನ್ನೂ ಉಳಿದ ಕಾಳನ್ನೂ ಸಂಜೆಯೊಳಗೆ ತೆಗೆದುಬಿಡಿ.

ಮೊಟ್ಟೆಯ ವಿಷಯ: ಮೇಲೆ ಹೇಳಿದಂತೆ ಮದ್ದು ಪೈಪಿನೊಳಗೇ ಉಳಿದರೆ ಅಳುಕಿಲ್ಲದೆ ತಿನ್ನಿ. ಆದರೆ ಫಿಪ್ರೊನಿಲ್ ಎಂಬ ಕೀಟನಾಶಕ ಇರುವ ಮದ್ದನ್ನು ಕೋಳಿ ತಿಂದರೆ ಅದು ಕೊಬ್ಬಿನಲ್ಲಿ ನಿಂತು ಮೊಟ್ಟೆಗೂ ಇಳಿಯುತ್ತದೆ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಕೋಳಿ ಫಾರಂಗಳಲ್ಲಿ ಕೋಳಿಗೆ ಹತ್ತುವ ಕೆಂಪು ನುಸಿಯ ನಿವಾರಣೆಗೆಂದು ಇದನ್ನು ಬಳಸಿದ್ದರಿಂದಲೇ ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಯಾವುದೇ ಕೋಳಿ ಜೊಲ್ಲು ಸುರಿಸಿದರೆ, ನಡುಗಿದರೆ, ಕತ್ತು ಜೋತುಬಿಟ್ಟರೆ ಕೂಡಲೇ ಅದನ್ನು ಬೇರೆ ಮಾಡಿ, ಮದ್ದಿನ ಪೊಟ್ಟಣದ ಸಮೇತ ಪಶುವೈದ್ಯರ ಬಳಿಗೆ ಒಯ್ಯಿರಿ. ಅವರು ಹೇಳುವವರೆಗೆ ಅದರ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ತಿನ್ನಬೇಡಿ, ನಾಯಿಗೂ ಹಾಕಬೇಡಿ.