ಬೂದಿನೀರಿನ ಸಾಬೂನು ಗಟ್ಟಿಯಾಗದಿದ್ದರೆ

ಅಮೆರಿಕದ ಪೂರ್ವಭಾಗದ ಅಪಲಾಚಿಯ ಬೆಟ್ಟದವರ ಹಳೇ ಪದ್ಧತಿಯಲ್ಲಿ ಬೂದಿನೀರು (ಮರದ ಬೂದಿಯಿಂದ ಬಸಿದ ನೀರು), ಹಂದಿಕೊಬ್ಬು ಕುದಿಸಿ ಮಾಡಿದ ಸಾಬೂನು ಮೂರು ವಾರವಾದರೂ ಲೋಳೆಯಾಗೇ ಇದೆ ಎಂದಿದ್ದೀರಿ. ಬಹುಶಃ ನಿಮ್ಮದೇನೂ ತಪ್ಪಿಲ್ಲ. ಮರದ ಬೂದಿಯಲ್ಲಿರುವುದು ಪೊಟ್ಯಾಸಿಯಂ ಕ್ಷಾರ. ಅದರಿಂದ ಆಗುವುದೇ ಮೆತ್ತನೆಯ ಸಾಬೂನು. ಅಲ್ಲಿನ ಮನೆಗಳಲ್ಲೂ ಅದನ್ನು ಪೀಪಾಯಿಯಲ್ಲೋ ಒಣ ಸೋರೆಬುರುಡೆಯಲ್ಲೋ ತುಂಬಿಟ್ಟು ಮೊಗೆದು ಬಳಸುತ್ತಿದ್ದರು. ಗಟ್ಟಿ ಮಾಡಲು ಉಪ್ಪು ಬೇಕು. ಚಳಿಗಾಲದ ಮಾಂಸ ಕೆಡದಂತಿಡಲೇ ಉಪ್ಪು ಬೇಕಿದ್ದಾಗ ಸಾಬೂನಿಗೆ ಯಾರು ಸುರಿಯುತ್ತಾರೆ!

ಮೊದಲು ಒಂದು ಪರೀಕ್ಷೆ. ಚಮಚದಷ್ಟು ಸಾಬೂನನ್ನು ಬಿಸಿ ಮಳೆನೀರಿನಲ್ಲಿ ಕದಡಿ. ಮೇಲೆ ಜಿಡ್ಡಿನ ಕಣ್ಣುಗಳು ತೇಲಿದರೆ ಕೊಬ್ಬು ಉಳಿದಿದೆ, ಅಂದರೆ ಬೂದಿನೀರು ತೆಳುವಾಗಿತ್ತು. ಯಾವ ಮರದ ಬೂದಿ ಎಂದು ನೀವು ಹೇಳಿಲ್ಲ. ಪೈನ್ ಆಗಿದ್ದರೆ ಅದೇ ಕಾರಣವಿರಬಹುದು. ಓಕ್, ಹಿಕೊರಿಯಂಥ ಗಟ್ಟಿಮರದ ಬಿಳಿ ಬೂದಿ ಬೇಕು. ಹೊಸ ಬೂದಿನೀರನ್ನು ಬತ್ತಿಸಿ, ಆರಿದ ಮೇಲೆ ಹಸಿ ಮೊಟ್ಟೆ ಬಿಡಿ. ನಾಣ್ಯದಗಲ ಮೇಲೆ ಕಾಣುವಂತೆ ತೇಲಿದರೆ ಹದ. ಅದನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಜಿಡ್ಡು ಹೋಗುವ ತನಕ ಮತ್ತೆ ಕುದಿಸಿ.

ಜಿಡ್ಡಿಲ್ಲದಿದ್ದರೆ ನೇರ ಉಪ್ಪಿಗೆ ಬನ್ನಿ. ಸಾಬೂನು ಕುದಿಯುವಾಗ ಕಲ್ಲುಪ್ಪನ್ನು ಹಿಡಿಹಿಡಿಯಾಗಿ ಹಾಕುತ್ತ ತಿರುವಿ. ಹಾಲು ಒಡೆದ ಹಾಗೆ ಗಡ್ಡೆಗಡ್ಡೆಯಾಗಿ ಮೇಲೆದ್ದು, ಕೆಳಗೆ ಕಂದು ನೀರು ನಿಂತಾಗ ಸಾಕು. ಒಂದು ರಾತ್ರಿ ಬಿಟ್ಟು ಮೇಲಿನ ಪದರ ಎತ್ತಿ, ತುಸು ನೀರಿನಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಕೊಯ್ದು ನಾಲ್ಕೈದು ವಾರ ಒಣಗಿಸಿ.

ಪಾತ್ರೆ ಕಬ್ಬಿಣದ್ದೋ ಸ್ಟೀಲಿನದ್ದೋ ಇರಲಿ; ಅಲ್ಯುಮಿನಿಯಂ ಅನ್ನು ಕ್ಷಾರ ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಬಿಡಬೇಡಿ.