ಸೀತಾಳೆ ಸಿಡುಬು ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಡೆಂಗಿ ಎರಡನೆಯ ಸಲ ಬಂದರೆ ಅಪಾಯ ಹೆಚ್ಚೇಕೆ?

ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪವಾಗಿರುವಾಗ, ಡೆಂಗಿಯಿಂದ ಗುಣವಾದ ನಿಮ್ಮ ಅಣ್ಣನವರಿಗೆ ವೈದ್ಯರು 'ಇನ್ನೊಮ್ಮೆ ಬಾರದಂತೆ ಎಚ್ಚರ' ಎಂದದ್ದೇಕೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಬದಿಯಡ್ಕದ ಕಡೆ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವನು. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿಯೂ ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲಿಯೂ ಮಳೆನೀರು ನಿಂತು ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟುವ ಕಾಸರಗೋಡಿನಲ್ಲಿ ಈ ಪ್ರಶ್ನೆ ಮಕ್ಕಳಿಂದಲೂ ಬರುತ್ತದೆ.

ರೋಗಾಣುವನ್ನು ಮೊದಲು ತಡೆಯುವುದು ಚರ್ಮ, ಲೋಳೆಪೊರೆ ಮತ್ತು ಹೊರಗಿನದೆಂದು ಕಂಡದ್ದನ್ನು ನುಂಗುವ ಬಿಳಿ ರಕ್ತಕಣಗಳು. ಇಂಥದೇ ರೋಗಾಣು ಎಂದು ಗುರುತು ಹಿಡಿಯುವ ಕೆಲಸ ಬಿ ಮತ್ತು ಟಿ ಲಿಂಫೋಸೈಟುಗಳೆಂಬ ಬೇರೆ ಬಿಳಿ ರಕ್ತಕಣಗಳದು. ಅದಕ್ಕೆ ಕೆಲವು ದಿನ ಬೇಕು. ಬಿ ಕೋಶಗಳಿಂದ ಹುಟ್ಟುವ ಪ್ರತಿಕಾಯಗಳೆಂಬ ಪ್ರೋಟೀನುಗಳು ವೈರಸ್ಸಿನ ಹೊರಮೈಗೆ ಅಂಟಿ ಅದು ಜೀವಕೋಶದೊಳಗೆ ಹೋಗದಂತೆ ಮಾಡುತ್ತವೆ, ಟಿ ಕೋಶಗಳಲ್ಲಿ ಕೆಲವು ಸೋಂಕು ತಗಲಿದ ಜೀವಕೋಶಗಳನ್ನೇ ಕೊಲ್ಲುತ್ತವೆ. ರೋಗ ವಾಸಿಯಾದ ಮೇಲೂ ಆ ರೋಗಾಣುವಿನ ಗುರುತು ಇಟ್ಟುಕೊಂಡ ನೆನಪಿನ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಸೀತಾಳೆ ಸಿಡುಬಿನ ವೈರಸ್ಸು ಈ ದೃಷ್ಟಿಯಿಂದ ಒಂದೇ ಬಗೆಯದಾದ್ದರಿಂದ ಆ ನೆನಪು ಸಾಕಾಗುತ್ತದೆ. (ಅದು ನರಗಳಲ್ಲಿ ಅಡಗಿದ್ದು ವಯಸ್ಸಾದಾಗ ಸರ್ಪಸುತ್ತಾಗಿ ಏಳಬಹುದು, ಆ ಮಾತು ಬೇರೆ.)

ಡೆಂಗಿ ವೈರಸ್ಸಿನಲ್ಲಿ 4 ಬಗೆಗಳಿವೆ. ಒಂದು ಬಗೆ ಬಂದುಹೋದರೆ ಆ ಬಗೆಯಿಂದ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಉಳಿದವುಗಳಿಂದ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ತಗಲಿದರೆ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸಲಾರವು. ಪ್ರತಿಕಾಯ ಅಂಟಿದ್ದನ್ನು ಒಳಗೆಳೆದುಕೊಳ್ಳುವುದು ಕೆಲವು ಬಿಳಿ ರಕ್ತಕಣಗಳ ಸ್ವಭಾವ. ಡೆಂಗಿ ವೈರಸ್ಸು ಬೆಳೆಯುವುದೂ ಅದೇ ಕಣಗಳಲ್ಲಿ. ಹೀಗೆ ತಡೆಯಬೇಕಾದ ಪ್ರತಿಕಾಯವೇ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ಆಗ ಹೊರಬರುವ ರಾಸಾಯನಿಕಗಳ ಅತಿರೇಕದಿಂದ ಸಣ್ಣ ರಕ್ತನಾಳಗಳು ಸೋರತೊಡಗಿ ರಕ್ತದೊತ್ತಡ ಕುಸಿಯಬಹುದು. ರೋಗನಿರೋಧಕ ಶಕ್ತಿಯನ್ನು ದೇಹದ ಸೈನ್ಯವೆಂದು ನಾವು ಪಾಠದಲ್ಲಿ ಹೇಳುವುದುಂಟು, ಆದರೆ ಆ ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆ ಹರಡಿದಾಗ ಬಹುತೇಕ ಸಾಧಾರಣ ಜ್ವರವಾಗಿತ್ತು. 1981ರಲ್ಲಿ ಎರಡನೆಯ ಬಗೆ ಬಂದಾಗ ಮೊದಲೊಮ್ಮೆ ಸೋಂಕು ತಗಲಿದ್ದವರಲ್ಲೇ ತೀವ್ರ ಕಾಯಿಲೆ ಹೆಚ್ಚಾಗಿ ಕಂಡಿತು. ಲಸಿಕೆಗೂ ಇದೇ ತೊಡಕು. ಫಿಲಿಪ್ಪೀನ್ಸ್ 2017ರಲ್ಲಿ ಶಾಲಾ ಮಕ್ಕಳಿಗೆ ಡೆಂಗಿ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದು, ಅದುವರೆಗೆ ಡೆಂಗಿ ಬಾರದವರಿಗೆ ಆ ಲಸಿಕೆ ಮೊದಲ ಸೋಂಕಿನಂತೆ ವರ್ತಿಸಬಹುದೆಂದು ತಿಳಿದ ಮೇಲೆ.

ಎರಡನೆಯ ಸಲ ಬಂದವರಲ್ಲಿಯೂ ಹೆಚ್ಚಿನವರು ಗುಣವಾಗುತ್ತಾರೆ, ಆದ್ದರಿಂದ ಅಣ್ಣನವರು ಗಾಬರಿಪಡಬೇಕಿಲ್ಲ. ಈ ಸಲದ ರಕ್ತಪರೀಕ್ಷೆಯ ವರದಿಯನ್ನು ತೆಗೆದಿಡಲಿ. ಮುಂದೆ ಜ್ವರ ಬಂದರೆ ಆ ವರದಿಯನ್ನು ವೈದ್ಯರಿಗೆ ತೋರಿಸಲಿ, ತಾವಾಗಿ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗುವುದು ಬೇಡ. ಮನೆಯವರು ನೆಮ್ಮದಿಯಾಗುವ ಹೊತ್ತಿಗೆ, ಅಂದರೆ ಜ್ವರ ಇಳಿಯುವಾಗಲೇ, ರಕ್ತನಾಳಗಳು ಸೋರುವ ಅಪಾಯ ಹೆಚ್ಚು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಅಥವಾ ವಿಪರೀತ ಸುಸ್ತು ಕಂಡರೆ ಪಪ್ಪಾಯಿ ಎಲೆಯ ರಸ ಹಿಂಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.