ಸ್ಟೇನ್‌ಲೆಸ್ ಚಾಕುವಿಗೆ ಹದ: ಕುಲುಮೆಯಲ್ಲಿ ಯಾಕೆ ಕೂರಲಿಲ್ಲ, ಹೇಗೆ ಕೂರಿಸಬೇಕು

ಕಾರವಾರದಿಂದ ಕೇಳಿದವರಿಗೆ ಈ ಉತ್ತರ. ಸ್ವಲ್ಪ ಉದ್ದವಿದೆ, ಪುರುಸೊತ್ತು ಮಾಡಿಕೊಂಡು ಓದಿ.

ನೀವು 14ಸಿ28ಎನ್ ಅನ್ನುವ ಸ್ಟೇನ್‌ಲೆಸ್ ಉಕ್ಕಿನ ತಗಡು ತರಿಸಿ, ಇಸ್ವಾಣ ಮೀನು ಕೊಯ್ಯಲು ಉದ್ದನೆಯ ತೆಳು ಚಾಕು ಮಾಡಿದ್ದೀರಿ. ಆಚಾರಿಯವರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿಸಿದ್ದೀರಿ. ಈಗ ಅರ ಹಾಕಿದರೆ ಸಲೀಸಾಗಿ ಕಚ್ಚುತ್ತದೆ, ಮುಳ್ಳು ತಾಗಿದಲ್ಲಿ ಬಾಯಿ (ಹರಿತದ ಅಂಚು) ಮಡಚುತ್ತದೆ, ಸಾಲದ್ದಕ್ಕೆ ತುಕ್ಕಿನ ಚುಕ್ಕೆ ಬೇರೆ. ಸ್ಟೀಲೇ ಡೂಪ್ಲಿಕೇಟ್ ಇರಬಹುದಾ ಅಂತ ಕೇಳಿದ್ದೀರಿ. ಇರಲಿಕ್ಕಿಲ್ಲ ಮಾರಾಯ್ರೇ. ಮೆದುವಾಗಿದ್ದಕ್ಕೂ ತುಕ್ಕು ಬಂದಿದ್ದಕ್ಕೂ ಕಾರಣ ಒಂದೇ, ಹದ ಕೂತಿಲ್ಲ. ಹದ ಅಂದರೆ ಉಕ್ಕನ್ನು ಕಾಯಿಸಿ, ಬೇಗ ತಣಿಸಿ ಗಟ್ಟಿ ಮಾಡುವುದು.

ಇದರಲ್ಲಿ ಆಚಾರಿಯವರ ತಪ್ಪು ಏನೂ ಇಲ್ಲ. ಲಾರಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿ) ಕತ್ತಿ ಮಾಡುವಾಗ ಅವರು ಬಣ್ಣ ನೋಡಿ ಹದ ಹಾಕುವುದು ಸರಿಯಾದ ಲೆಕ್ಕವೇ. ಆ ಉಕ್ಕಿಗೆ 800–850 ಡಿಗ್ರಿ ಸಾಕು, ಹೆಚ್ಚು ಹೊತ್ತು ಹಿಡಿಯುವುದೂ ಬೇಡ. ನಿಮ್ಮ ತಗಡಿನಲ್ಲಿ ಸುಮಾರು ಶೇ. 14 ಕ್ರೋಮಿಯಂ, ಶೇ. 0.6 ಕಾರ್ಬನ್ ಇದೆ. ಅಂಗಡಿಯಿಂದ ಬರುವ ಮೆದು ತಗಡಿನಲ್ಲಿ ಆ ಕಾರ್ಬನ್ನು ಕ್ರೋಮಿಯಂ ಜೊತೆ ಸೇರಿ ಸಣ್ಣ ಸಣ್ಣ ಕಾಳುಗಳಾಗಿ ಕೂತಿರುತ್ತದೆ. ಕಾಳು ಕರಗಿ ಉಕ್ಕಿನೊಳಗೆ ಬೆರೆತರೆ ಮಾತ್ರ ಅಲಗು ಗಟ್ಟಿಯಾಗುತ್ತದೆ. ತಣ್ಣೀರಿಗೆ ಹಾಕಿದ ಕಲ್ಲುಸಕ್ಕರೆ ಹಾಗೇ ತಳದಲ್ಲಿ ಕೂತಿರುತ್ತದಲ್ವಾ, 850 ಡಿಗ್ರಿಯಲ್ಲಿ ಈ ಕಾಳುಗಳ ಕತೆಯೂ ಅದೇ. 1050ರಿಂದ 1080 ಡಿಗ್ರಿ ಬೇಕು, ಅಲ್ಲಿ ದಪ್ಪ ನೋಡಿಕೊಂಡು 5ರಿಂದ 15 ನಿಮಿಷ ನಿಲ್ಲಿಸಬೇಕು. ಕ್ರೋಮಿಯಂ ಕಾಳಿನೊಳಗೇ ಸಿಕ್ಕಿಕೊಂಡಿದ್ದರೆ ತುಕ್ಕು ತಡೆಯಲು ಸಿಗುವುದಿಲ್ಲ. ಕಡಲ ಗಾಳಿಗೆ ನಿಮ್ಮ ಚಾಕು ಚುಕ್ಕೆ ಹಿಡಿದದ್ದು ಅದಕ್ಕೇ.

ಹಾಗಂತ ಇನ್ನಷ್ಟು ತಿದಿ ಒತ್ತಿ ಕಾಯಿಸಿದರೆ ಆಯ್ತು ಅಂದುಕೊಳ್ಳಬೇಡಿ. ಬಿಸಿ ಅತಿಯಾದರೂ ಚಾಕು ಮೆದುವಾಗುತ್ತದೆ. ಕಾರ್ಬನ್ ವಿಪರೀತ ಬೆರೆತು, ತಣಿದ ಮೇಲೂ ಉಕ್ಕಿನ ಒಂದಷ್ಟು ಭಾಗ ಗಟ್ಟಿಯಾಗದೆ ಉಳಿಯುತ್ತದೆ. 1050ರಿಂದ 1080, ಅಂದರೆ ನಮಗಿರುವ ಅವಕಾಶ ಬರೀ 30 ಡಿಗ್ರಿಯದು. ಹಗಲು ಬೆಳಕಿನಲ್ಲಿ ಬಣ್ಣ ನೋಡಿ ಅಷ್ಟು ಸೂಕ್ಷ್ಮ ಹಿಡಿಯುವುದು ಯಾರ ಕಣ್ಣಿಗೂ ಆಗುವುದಿಲ್ಲ. ಕಾದ ಉಕ್ಕಿಗೆ ಅಯಸ್ಕಾಂತ ಅಂಟದೆ ಬಿಡುವುದನ್ನು ನೋಡಿ ಅಂದಾಜು ಮಾಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲ, ಅದು ನಮಗೆ ಬೇಕಾದ ಬಿಸಿಗಿಂತ ತುಂಬಾ ಕೆಳಗೇ ಆಗಿಹೋಗುತ್ತದೆ.

ಹಾಗಾಗಿ ಕರೆಂಟಿನ ಕುಲುಮೆ ಬೇಕೇ ಬೇಕು. 1100 ಡಿಗ್ರಿ ಮುಟ್ಟುವಂಥದ್ದು, ಥರ್ಮೋಕಪಲ್ (ಬಿಸಿ ಅಳೆಯುವ ಕಡ್ಡಿ) ಮತ್ತು ಬಿಸಿ ಹಿಡಿತದಲ್ಲಿಡುವ ಕಂಟ್ರೋಲರ್ ಇರುವಂಥದ್ದು. ಹಲ್ಲಿನ ಲ್ಯಾಬುಗಳು ಮಾರಿಹಾಕುವ ಹಳೆಯ ಕುಲುಮೆ ಸಣ್ಣ ಚಾಕುಗಳಿಗೆ ಸಾಕು, ನಿಮ್ಮ ಉದ್ದದ ಅಲಗು ಅದರಲ್ಲಿ ಹಿಡಿಸಲಿಕ್ಕಿಲ್ಲ. ಕಂಟ್ರೋಲರ್ ತೋರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಶುದ್ಧ ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ. ಸೊನಗಾರರ ಹತ್ತಿರ ಒಂದು ತುಂಡು ಶುದ್ಧ ಬೆಳ್ಳಿ ತಂತಿ ತಂದು, ಪಿಂಗಾಣಿ ಚೂರಿನ ಮೇಲೆ ಥರ್ಮೋಕಪಲ್ ತುದಿಯ ಪಕ್ಕವೇ ಇಟ್ಟು, 950ರ ನಂತರ ನಿಧಾನ ಏರಿಸುತ್ತಾ ನೋಡಿ. ತಂತಿ ಮಣಿಯಾಗಿ ಉರುಳಿಕೊಂಡಾಗ ಕಂಟ್ರೋಲರ್ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ, ವ್ಯತ್ಯಾಸ ಗೊತ್ತಾಗುತ್ತದೆ. ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ವೋಲ್ಟೇಜ್ ಬಿದ್ದರೆ ಕುಲುಮೆ 1000ದ ಹತ್ತಿರ ಬಂದು ತೆವಳುತ್ತದೆ. ಅಂಥ ದಿನ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಬಿಸಿಯಲ್ಲಿ ಅಲಗಿಗೆ ಗಾಳಿ ತಾಗಬಾರದು. ತಾಗಿದರೆ ಕಪ್ಪು ಹೊಟ್ಟು ಏಳುತ್ತದೆ, ಮೇಲ್ಪದರದ ಕಾರ್ಬನ್ ಸುಟ್ಟುಹೋಗುತ್ತದೆ. ಇದಕ್ಕೆ ಸ್ಟೇನ್‌ಲೆಸ್ ಫಾಯಿಲ್ ಬರುತ್ತದೆ, 321 ಅಥವಾ 309 ದರ್ಜೆಯದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ 660 ಡಿಗ್ರಿಗೇ ಕರಗಿಹೋಗುತ್ತದೆ, ಅದು ಬೇಡ. ಅಲಗನ್ನು ಎಣ್ಣೆಜಿಡ್ಡು ಇಲ್ಲದ ಹಾಗೆ ಒರೆಸಿ, ಒಳಗೆ ಕಾಗದದ ಸಣ್ಣ ಚೂರು ಹಾಕಿ, ಅಂಚುಗಳನ್ನು ಎರಡೆರಡು ಸಲ ಮಡಚಿ ಒತ್ತಿ. ಉಳಿದ ಗಾಳಿಯನ್ನು ಆ ಕಾಗದ ಉರಿದು ತಿಂದುಹಾಕುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ, ಈ ಫಾಯಿಲ್ ಅಂಚು ಬ್ಲೇಡಿನಷ್ಟೇ ಹರಿತ. ಹದಕ್ಕೆ ಮೊದಲೇ ಬಾಯಿಯನ್ನು ಪೂರ್ತಿ ತೆಳು ಮಾಡಬೇಡಿ, ಅರ್ಧ ಮಿಲಿಮೀಟರ್ ದಪ್ಪ ಬಿಡಿ.

ಎಣ್ಣೆ ಬೇಡ. 20–25 ಮಿಲಿಮೀಟರ್ ದಪ್ಪದ, ಮಟ್ಟಸವಾದ ಎರಡು ಅಲ್ಯೂಮಿನಿಯಂ ಪ್ಲೇಟುಗಳು ವೈಸ್‌ನಲ್ಲಿ ಸಿದ್ಧವಿರಲಿ. ಕುಲುಮೆಯಿಂದ ತೆಗೆದ ಪೊಟ್ಟಣವನ್ನು ಬಿಚ್ಚದೆ ನೇರ ಅದರ ನಡುವೆ ಇಟ್ಟು ಬಿಗಿಯಿರಿ. ಮೊದಲ ಒಂದೆರಡು ನಿಮಿಷದೊಳಗೆ 600 ಡಿಗ್ರಿಗಿಂತ ಕೆಳಗೆ ಇಳಿಯಲೇಬೇಕು, ತೆಳು ಅಲಗು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಮೀನಿನ ಚಾಕು ಸೊಟ್ಟಗಾಗುವುದು ಜಾಸ್ತಿ. ಪ್ಲೇಟು ಒತ್ತಿ ಹಿಡಿಯುವುದರಿಂದ ಆ ಕಾಟ ಅರ್ಧಕ್ಕರ್ಧ ತಪ್ಪುತ್ತದೆ. ಆದರೂ ಸೊಟ್ಟ ಉಳಿದರೆ, ಅಲಗು ಇನ್ನೂ ಬಿಸಿ ಇರುವಾಗಲೇ ಕೈಗವಸಿನಲ್ಲಿ ಹಿಡಿದು ತಿದ್ದಿ. ಪೂರ್ತಿ ತಣಿದ ಮೇಲೆ ಬಗ್ಗಿಸಲು ಹೋದರೆ ಪಟ್ಟನೆ ಮುರಿಯುತ್ತದೆ.

ತಣಿದ ಕೂಡಲೇ ಇನ್ನೂ ತಂಪು ಕೊಟ್ಟರೆ ಒಳಗೆ ಗಟ್ಟಿಯಾಗದೆ ಉಳಿದ ಭಾಗವೂ ಬದಲಾಗುತ್ತದೆ. ಕಾರವಾರದ ಬೈತಖೋಲ ಬಂದರಿನ ಐಸ್ ಆಗುತ್ತದಾ ಅಂತ ಇನ್ನೊಬ್ಬರು ಕೇಳಿದ್ದರು. ಉಪ್ಪು ಬೆರೆಸಿದರೂ ಅದು ಮೈನಸ್ 21ಕ್ಕಿಂತ ಕೆಳಗೆ ಹೋಗುವುದಿಲ್ಲ, ಹೆಚ್ಚುಕಡಿಮೆ ಮನೆ ಫ್ರೀಜರ್‌ನಷ್ಟೇ. ಡ್ರೈ ಐಸ್ ಮೈನಸ್ 78, ದ್ರವ ಸಾರಜನಕ ಮೈನಸ್ 196. ದನಗಳ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವುದು ಈ ಸಾರಜನಕದಲ್ಲೇ, ಹಾಗಾಗಿ ಎಲ್ಲಿಂದ ತರಿಸುತ್ತಾರೆ ಅಂತ ಪಶುವೈದ್ಯರಲ್ಲಿ ವಿಚಾರಿಸಬಹುದು. ಡ್ರೈ ಐಸ್, ಸಾರಜನಕ ಎರಡನ್ನೂ ಬಾಗಿಲು ಹಾಕಿದ ಕೋಣೆಯಲ್ಲಿ ಬಳಸಬೇಡಿ, ಗೊತ್ತೇ ಆಗದೆ ಉಸಿರು ಕಟ್ಟುತ್ತದೆ. ಬಿಗಿ ಮುಚ್ಚಳದ ಪಾತ್ರೆಯಲ್ಲೂ ಇಡಬೇಡಿ, ಸಿಡಿಯುತ್ತದೆ. ಸಿಗದಿದ್ದರೆ ಚಿಂತೆ ಬೇಡ. 1050ರಲ್ಲೇ ಹದ ಹಾಕಿ, ಫ್ರೀಜರ್‌ನಲ್ಲಿಟ್ಟು ಮುಂದುವರಿಯಿರಿ. ಅಡುಗೆಮನೆ ಚಾಕುವಿಗೆ ಧಾರಾಳ ಸಾಕು.

ಆಮೇಲೆ ತಡ ಮಾಡದೆ ಟೆಂಪರಿಂಗ್, ಅಂದರೆ ಪಟ್ಟನೆ ಮುರಿಯದ ಹಾಗೆ ಹದವಾದ ಬಿಸಿಯಲ್ಲಿ ಮತ್ತೆ ಕಾಯಿಸುವುದು. 175ರಿಂದ 200 ಡಿಗ್ರಿ, ಎರಡೆರಡು ಗಂಟೆಯಂತೆ ಎರಡು ಸಲ. ಮನೆಯ ಓವನ್ನಿನ ಬಿಸಿ ಏರಿಳಿಯುತ್ತಿರುತ್ತದೆ, ಮರಳು ತುಂಬಿದ ತಟ್ಟೆಯಲ್ಲಿ ಅಲಗನ್ನು ಹುಗಿದಿಟ್ಟರೆ ಒಂದೇ ಸಮ ಇರುತ್ತದೆ. ಕೆಲವರು 500 ಡಿಗ್ರಿಯ ಟೆಂಪರಿಂಗ್ ಹೇಳುತ್ತಾರೆ. ಕರಾವಳಿಯವರು ದಯವಿಟ್ಟು ಅದನ್ನು ಮಾಡಬೇಡಿ. ಆ ಬಿಸಿಯಲ್ಲಿ ಕ್ರೋಮಿಯಂ ಮತ್ತೆ ಕಾಳುಕಟ್ಟಿ ತುಕ್ಕು ತಡೆಯುವ ಶಕ್ತಿ ಬಿದ್ದುಹೋಗುತ್ತದೆ. ಚಾಕು ಬಾಗಬೇಕು ಅಂತ ಮೆದು ಮಾಡುವುದೂ ಬೇಡ. ಅದು ಎಷ್ಟು ಬಾಗುತ್ತದೆ ಅನ್ನುವುದು ತೆಳುವಿನ ಮೇಲೆ ನಿಂತಿದೆ, ಹದದ ಮೇಲಲ್ಲ.

ಈಗಿರುವ ಅಲಗನ್ನು ಎಸೆಯಬೇಡಿ. ಆಚಾರಿಯವರ ಕುಲುಮೆಯಲ್ಲಿ ಕಿಡಿ ಹಾರುವಷ್ಟು ಕಾದಿಲ್ಲ ಅಂತಾದರೆ, ಮೇಲಿನ ಕಪ್ಪು ಪದರ ಪೂರ್ತಿ ತೆಗೆದು ಮತ್ತೆ ಹದ ಹಾಕಬಹುದು. ಕರೆಂಟಿನ ಕುಲುಮೆಗೆ ದುಡ್ಡು ಹಾಕುವುದು ಈಗ ಬೇಡ ಅನ್ನಿಸಿದರೆ ಬೆಳಗಾವಿಯ ಉದ್ಯಮಬಾಗ್ ಅಥವಾ ಬೆಂಗಳೂರಿನ ಪೀಣ್ಯ ಕಡೆ ವ್ಯಾಕ್ಯೂಮ್ ಹಾರ್ಡನಿಂಗ್ (ಗಾಳಿ ತೆಗೆದ ಕುಲುಮೆಯಲ್ಲಿ ಹದ) ಮಾಡುವವರನ್ನು ವಿಚಾರಿಸಿ. ಬರೀ "ಸ್ಟೇನ್‌ಲೆಸ್" ಅನ್ನಬೇಡಿ. ಉಕ್ಕಿನ ದರ್ಜೆ, ಡಿಗ್ರಿ, ನಿಮಿಷ, ಬೇಕಾದ ಗಡಸುತನ 58–60 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ), ಎಲ್ಲ ಚೀಟಿಯಲ್ಲಿ ಬರೆದು ಕೊಡಿ.

ಪಾತ್ರೆಯ ಸ್ಟೀಲಿಂದ ಮಾಡಬಹುದಾ ಅಂತ ಕೆಳಗೆ ಕೇಳಿದವರಿಗೂ ಒಂದು ಮಾತು. ಪಾತ್ರೆಗೆ ಬಳಸುವ 304, 202 ದರ್ಜೆಯ ಸ್ಟೀಲನ್ನು ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅಯಸ್ಕಾಂತ ಹಿಡಿದರೆ ಸರಿ ಅಂತಲೂ ಇಲ್ಲ, 430 ದರ್ಜೆಯದಕ್ಕೂ ಹಿಡಿಯುತ್ತದೆ, ಆದರೆ ಚಾಕುವಿಗೆ ಬರುವುದಿಲ್ಲ. 440ಸಿ, ಎಇಬಿ-ಎಲ್, 12ಸಿ27 ಅಂತ ಹೆಸರು ಹೇಳಿ ಕೊಳ್ಳಿ.

ಹದದ ನಂತರ ಸಾಣೆ ಹಿಡಿಯುವಾಗ ಗ್ರೈಂಡರಿಗೆ ಹೊಸ ಉಜ್ಜುವ ಬೆಲ್ಟ್ ಹಾಕಿ, ಬರಿಗೈಯಲ್ಲಿ ಹಿಡಿಯಿರಿ, ಪಕ್ಕದಲ್ಲಿ ಬಕೆಟ್ ನೀರಿರಲಿ. ಬೆರಳಿಗೆ ಬಿಸಿ ತಟ್ಟಿದ ಕೂಡಲೇ ಅದ್ದಿ. ಬಾಯಿ ನೀಲಿ ತಿರುಗಿದರೆ ಅಲ್ಲಿಯ ಹದ ಹೋಯಿತು. ಪಾಲಿಶ್ ಮುಗಿದ ಮೇಲೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಸುತ್ತಿ ರಾತ್ರಿಯಿಡೀ ಇಟ್ಟು ನೋಡಿ. ಬೆಳಗ್ಗೆ ಚುಕ್ಕೆ ಕಂಡರೆ ಅದರ ಫೋಟೋ, ತಗಡಿನ ದಪ್ಪ, ನೀವು ಹಿಡಿದ ಡಿಗ್ರಿ ಮತ್ತು ನಿಮಿಷ ಇಲ್ಲೇ ಹಾಕಿ, ಎಲ್ಲಿ ತಪ್ಪಿದೆ ಅಂತ ನೋಡೋಣ.